ತಂಡಕ್ಕೆ ಟೈಟನ್ಸ್ ಎಂದಿಡುವುದೋ, ಗಂಡಭೇರುಂಡ ಎಂದಿಡುವುದೋ?

ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ಮಲೆನಾಡಿನ ಊರೂರುಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಯ ಬ್ಯಾನರ್‌ಗಳು ಏಳುತ್ತವೆ. ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್. ಮಳೆ ಹಿಡಿದರೆ ಕೆಸರುಗದ್ದೆಯ ಹಗ್ಗಜಗ್ಗಾಟ. ಪ್ರವೇಶ ಶುಲ್ಕ ಕಟ್ಟುವ ಹೊತ್ತಿಗೆ ಪ್ರತಿ ತಂಡಕ್ಕೂ ಒಂದು ಹೆಸರು ಬೇಕು. ಹಿಂದೆ ‘ಗೆಳೆಯರ ಬಳಗ’, ‘ಯುವಕ ಸಂಘ’, ‘ಫ್ರೆಂಡ್ಸ್’ ಎಂದು ಬರೆಸಿದರೆ ಸಾಕಾಗುತ್ತಿತ್ತು. ಈಗಿನ ಹುಡುಗರು ಟೈಟನ್ಸ್, ಸ್ಪಾರ್ಟನ್ಸ್, ಫೀನಿಕ್ಸ್, ಟ್ರೋಜನ್ಸ್ ಎನ್ನುತ್ತಾರೆ. ‘ನಮ್ಮ ಪುರಾಣದಲ್ಲಿ ಹೆಸರುಗಳಿಗೇನು ಬರವೇ?’ ಎಂದು ಹಿರಿಯರು ಕೇಳುತ್ತಾರೆ.

ಈ ಜಗಳವನ್ನು ‘ನಮ್ಮದು’, ‘ಅವರದು’ ಎಂದು ಬಗೆಹರಿಸಲು ನನಗೆ ಇಷ್ಟವಿಲ್ಲ. ಗ್ರೀಕ್ ಪುರಾಣದಲ್ಲಿ ತಂಡದ ಆಟಕ್ಕೆ ಅಳತೆ ತೆಗೆದು ಹೊಲಿದಂತಹ ಹೆಸರುಗಳಿವೆ. ನಮ್ಮಲ್ಲಿ ಕೇಳಲು ಗಂಭೀರವಾಗಿದ್ದು ಆಟಕ್ಕೆ ಒಂದಿಷ್ಟೂ ಹೊಂದದ ಹೆಸರುಗಳೂ ಇವೆ. ಹೆಸರನ್ನು ಆರಿಸುವಾಗ ನಾನು ಕೇಳುವುದು ಒಂದೇ ಪ್ರಶ್ನೆ: ಆ ವೀರ ಸೋತದ್ದು ಯಾವುದರಲ್ಲಿ? ಪುರಾಣದ ವೀರರಲ್ಲಿ ಹೆಚ್ಚಿನವರ ಕೊನೆ ದುಃಖದ್ದೇ. ಅದು ದೋಷವಲ್ಲ. ಆದರೆ ನಿಮ್ಮ ಆಟ ಯಾವ ಕೆಲಸವನ್ನು ಬೇಡುತ್ತದೆಯೋ ಅದೇ ಕೆಲಸದಲ್ಲಿ ಅವನು ಬಿದ್ದಿದ್ದರೆ, ಆ ಹೆಸರನ್ನು ಅಂಗಿಯ ಬೆನ್ನ ಮೇಲೆ ಬರೆಸಿಕೊಳ್ಳಬೇಡಿ.

ಕಬಡ್ಡಿ: ಒಳಹೋಗುವವರು, ಮರಳುವವರು

ಈ ಮಾತು ಕಬಡ್ಡಿಯಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆ ಆಟದಲ್ಲಿ ತಿಳಿಯುವುದಿಲ್ಲ. ನಮ್ಮ ಕಡೆ ಕಬಡ್ಡಿ ತಂಡಗಳಿಗೆ ಅಭಿಮನ್ಯು ಎಂಬ ಹೆಸರೆಂದರೆ ಬಲು ಪ್ರೀತಿ. ಹದಿಹರೆಯ, ಧೈರ್ಯ, ಒಬ್ಬನೇ ಹಲವರ ನಡುವೆ ನುಗ್ಗುವ ಛಲ ಎಲ್ಲವೂ ಆ ಹೆಸರಿನಲ್ಲಿವೆ. ಆದರೆ ಕುರುಕ್ಷೇತ್ರದ ಹದಿಮೂರನೆಯ ದಿನ ನಡೆದದ್ದೇನು? ಚಕ್ರವ್ಯೂಹದ ಒಳಗೆ ಹೋಗುವುದು ಅವನಿಗೆ ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಹಿಂದೆ ಬರಬೇಕಿದ್ದವರನ್ನು ಜಯದ್ರಥ ತಡೆದ. ಒಳಗೆ ಮಹಾರಥಿಗಳು ಸುತ್ತುವರಿದರು. ಮೂವತ್ತು ಸೆಕೆಂಡಿನ ಒಳಗೆ ಏಳು ಜನರ ನಡುವೆ ಹೋಗಿ ಮುಟ್ಟಿ ಮಧ್ಯದ ಗೆರೆಗೆ ಮರಳಬೇಕಾದ ರೈಡರ್‌ಗೆ ಇದಕ್ಕಿಂತ ಅಪಶಕುನದ ಹೆಸರು ಸಿಗಲಾರದು. ಅಭಿಮನ್ಯುವಿನ ಮೇಲೆ ನನಗೆ ಅಪಾರ ಗೌರವವಿದೆ. ಆ ಗೌರವಕ್ಕಾಗಿಯೇ ಅವನ ಹೆಸರು ಪ್ರತಿ ಸಂಜೆ ಅದೇ ವ್ಯೂಹದಲ್ಲಿ ಮತ್ತೆ ಸಿಕ್ಕಿಬೀಳುವುದನ್ನು ನೋಡಲು ಮನಸ್ಸು ಒಪ್ಪುವುದಿಲ್ಲ.

ಇದೇ ಕಥೆಗೆ ಗ್ರೀಕರಲ್ಲಿ ಒಂದು ಜೋಡಿ ಇದೆ. ಕ್ರೀಟ್ ದ್ವೀಪದ ಚಕ್ರಬಂಧದಲ್ಲಿ ಗೂಳಿಯ ತಲೆ, ಮನುಷ್ಯನ ಮೈ ಇರುವ ಮಿನೋಟಾರ್ ಇತ್ತು. ಒಳಗೆ ಹೋದವರಾರೂ ಹೊರಬಂದಿರಲಿಲ್ಲ. ಥೀಸಿಯಸ್ ಹೊರಟಾಗ ರಾಜಕುಮಾರಿ ಅರಿಯಾಡ್ನೆ ಅವನ ಕೈಗೆ ದಾರದ ಉಂಡೆ ಕೊಟ್ಟಳು. ದಾರದ ತುದಿಯನ್ನು ಬಾಗಿಲಿಗೆ ಕಟ್ಟಿ, ಬಿಚ್ಚುತ್ತಾ ಒಳಗೆ ಹೋಗಿ, ಮಿನೋಟಾರನನ್ನು ಕೊಂದು, ಅದೇ ದಾರ ಹಿಡಿದು ಮರಳಿದ. ಅಭಿಮನ್ಯುವಿಗೆ ಇಲ್ಲದ್ದು ಇವನಿಗಿತ್ತು. ಹಾಗಾಗಿ ಕಬಡ್ಡಿಗೆ ಅಭಿಮನ್ಯು ಮತ್ತು ಥೀಸಿಯಸ್ ನಡುವೆ ಆರಿಸಿ ಎಂದರೆ ನಾನು ಹಿಂದೆಮುಂದೆ ನೋಡದೆ ಥೀಸಿಯಸ್ ಎನ್ನುತ್ತೇನೆ. ಅವನ ಎಡವಟ್ಟು ಗೆದ್ದ ಮೇಲಿನದು: ಬದುಕಿ ಬಂದರೆ ಬಿಳಿ ಹಾಯಿ ಕಟ್ಟುತ್ತೇನೆಂದು ತಂದೆಗೆ ಹೇಳಿ ಹೋಗಿದ್ದವನು, ಮರೆತು ಕಪ್ಪು ಹಾಯಿಯಲ್ಲೇ ಮರಳಿದ. ಮಗ ಸತ್ತನೆಂದು ತಿಳಿದು ತಂದೆ ಪ್ರಾಣ ಬಿಟ್ಟ.

ನಮ್ಮಲ್ಲಿ ಒಳಹೋಗಿ ಮರಳಿದವರು ಇಲ್ಲವೇ? ಇಬ್ಬರಿದ್ದಾರೆ, ಇಬ್ಬರೂ ಥೀಸಿಯಸ್‌ನನ್ನು ಮೀರಿಸಿದವರು. ಒಬ್ಬ ಹನುಮಂತ, ಲಂಕೆಯ ಒಳಗೆ ಹೋಗಿ ಸುಟ್ಟು ಮರಳಿದವನು. ಅವನ ಹೆಸರು ಗರಡಿಮನೆಗಳಲ್ಲಿ, ವ್ಯಾಯಾಮ ಶಾಲೆಗಳಲ್ಲಿ ಆಗಲೇ ನೆಲೆಸಿರುವುದರಿಂದ ಒಂದೇ ಪಂದ್ಯಾವಳಿಗೆ ಎರಡು ಮಾರುತಿ ತಂಡಗಳು ಬಂದರೆ ಆಶ್ಚರ್ಯವಿಲ್ಲ. ಇನ್ನೊಬ್ಬ ಗರುಡ. ತಾಯಿ ವಿನತೆಯ ದಾಸ್ಯ ಬಿಡಿಸಲು ಅಮೃತ ತರಲು ಹೋದವನು. ಅಮೃತದ ಸುತ್ತ ಅಲಗುಗಳಿದ್ದ ಚಕ್ರ ತಿರುಗುತ್ತಿತ್ತು. ಗರುಡ ಮೈಯನ್ನು ಕುಗ್ಗಿಸಿಕೊಂಡು ಅರೆಗಳ ನಡುವಿನ ಸಂದಿನಲ್ಲಿ ತೂರಿದ, ಕಾವಲಿದ್ದ ಸರ್ಪಗಳ ಕಣ್ಣಿಗೆ ಧೂಳು ಹಾರಿಸಿದ, ಕಲಶ ಎತ್ತಿಕೊಂಡು ಹಾರಿದ. ಒಳ್ಳೆಯ ರೈಡರ್ ಮಾಡುವುದು ಇದನ್ನೇ ಅಲ್ಲವೇ? ಇಬ್ಬರು ಹಿಡಿತಗಾರರ ನಡುವಿನ ಅಂಗೈ ಅಗಲದ ಜಾಗದಲ್ಲಿ ಭುಜ ಕುಗ್ಗಿಸಿ ಜಾರಿಕೊಳ್ಳುತ್ತಾನೆ. ಕಬಡ್ಡಿಗೆ ನನ್ನ ಮೊದಲ ಆಯ್ಕೆ ಗರುಡ. ಮೂರೇ ಅಕ್ಷರ, ಕೂಗಲು ಸಲೀಸು.

ಅಕಿಲೀಸ್ ಬೇಡವೇ ಬೇಡ. ತಾಯಿ ಅವನನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದಳು, ಹಿಡಿದ ಜಾಗ ಮಾತ್ರ ನೆನೆಯಲಿಲ್ಲ, ಬಾಣ ಅಲ್ಲೇ ನಾಟಿತು ಎಂಬ ಕಥೆ ಎಲ್ಲರಿಗೂ ಗೊತ್ತಿದೆ. ರೈಡರ್‌ನ ಪಾದದ ಗಂಟನ್ನೇ ಹಿಡಿದು ಕೆಡವುವ ಆಂಕಲ್ ಹೋಲ್ಡ್‌ನಲ್ಲಿ ಪಳಗಿದ ಕಾರ್ನರ್ ಆಟಗಾರನ ಎದುರು ಆ ಹೆಸರು ಹೊತ್ತು ಹೋಗುವುದೆಂದರೆ ದೌರ್ಬಲ್ಯವನ್ನು ಮೊದಲೇ ಸಾರಿದಂತೆ. ಅಕಿಲೀಸ್‌ನ ಮೇಲೆ ಅಷ್ಟು ಪ್ರೀತಿಯಿದ್ದರೆ ಅವನ ಸೈನಿಕರ ಹೆಸರು ಇಟ್ಟುಕೊಳ್ಳಿ: ಮಿರ್ಮಿಡನ್ಸ್. ಈಜೈನಾ ದ್ವೀಪದಲ್ಲಿ ಪಿಡುಗಿನಿಂದ ಜನರೆಲ್ಲ ಸತ್ತಾಗ, ರಾಜನ ಮೊರೆ ಕೇಳಿ ಜ್ಯೂಸ್ ದೇವರು ಮರದ ಇರುವೆಗಳನ್ನು ಮನುಷ್ಯರನ್ನಾಗಿ ಮಾಡಿದ. ಅವರೇ ಮಿರ್ಮಿಡನ್ಸ್ ಎನ್ನುತ್ತದೆ ಕಥೆ. ಮರದ ಎಲೆ ಹೆಣೆದು ಗೂಡು ಕಟ್ಟುವ ಚಗಳಿಗಳನ್ನು ಕಂಡಿರುವ, ಅವುಗಳ ಚಟ್ನಿ ತಿಂದಿರುವ ಮಲೆನಾಡಿಗರಿಗೆ ಈ ಕಥೆಯನ್ನು ಹೆಚ್ಚು ವಿವರಿಸಬೇಕಿಲ್ಲ. ಕೈಕೈ ಹಿಡಿದು ಸರಪಳಿ ಕಟ್ಟಿ ನಿಲ್ಲುವ ಹಿಡಿತಗಾರರೇ ನಿಮ್ಮ ಬಲವಾಗಿದ್ದರೆ ಇದು ಬಹಳ ಒಪ್ಪುವ ಹೆಸರು.

ಮ್ಯಾಟ್ ಇಲ್ಲದೆ ಕೆಮ್ಮಣ್ಣಿನ ಅಂಕಣದಲ್ಲೇ ಆಡುವ ತಂಡಗಳು ಆಂಟಿಯಸ್ ಎಂಬ ಹೆಸರನ್ನೂ ನೆನೆಯಬಹುದು. ಅವನು ಭೂದೇವಿಯ ಮಗ. ಮೈ ಮಣ್ಣಿಗೆ ತಾಗಿರುವವರೆಗೂ ಅವನನ್ನು ಯಾರೂ ಸೋಲಿಸಲಾರರು. ಹರ್ಕ್ಯುಲಿಸ್ ಅವನನ್ನು ನೆಲದಿಂದ ಮೇಲೆತ್ತಿ ಹಿಡಿದೇ ಕೊಂದ. ಕಥೆ ಚೆನ್ನಾಗಿದೆ. ಆದರೆ ಎತ್ತಿ ಹೊರಗೆ ಹಾಕುವುದೂ ಕಬಡ್ಡಿಯಲ್ಲಿ ಒಂದು ಪಟ್ಟೇ ಆಗಿರುವುದರಿಂದ ನಾನು ಇದನ್ನು ಒತ್ತಾಯಿಸಲಾರೆ.

ಫೀನಿಕ್ಸ್ ಬಗ್ಗೆ ಒಂದು ಮಾತು. ಔಟಾದವರು ಎದುರಾಳಿಯ ಪ್ರತಿ ಔಟಿಗೂ ಒಬ್ಬೊಬ್ಬರಾಗಿ ಮರಳುವ ಆಟ ಕಬಡ್ಡಿ. ಬೂದಿಯಿಂದ ಎದ್ದು ಬರುವ ಹಕ್ಕಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಅಡ್ಡಿಯೊಂದೇ: ಎಲ್ಲಿ ನೋಡಿದರೂ ಫೀನಿಕ್ಸ್.

ಟೈಟನ್ಸ್, ಟ್ರೋಜನ್ಸ್, ಸ್ಪಾರ್ಟನ್ಸ್, ಗ್ಲಾಡಿಯೇಟರ್ಸ್

ಇವು ಟಿವಿಯ ಮೂಲಕ ನಮ್ಮ ಊರಿಗೆ ಬಂದ ಹೆಸರುಗಳು. ಗುಜರಾತ್ ಟೈಟನ್ಸ್ ಐಪಿಎಲ್‌ಗೆ ಕಾಲಿಟ್ಟ 2022ರಲ್ಲೇ ಪ್ರಶಸ್ತಿ ಗೆದ್ದಿತು. ಪ್ರೊ ಕಬಡ್ಡಿಯಲ್ಲಿ ತೆಲುಗು ಟೈಟನ್ಸ್ ಇದೆ. ಆದರೆ ಪುರಾಣದಲ್ಲಿ ಟೈಟನ್ನರು ಸೋತ ತಂಡ. ಒಲಿಂಪಸ್‌ನ ದೇವತೆಗಳೊಡನೆ ಹತ್ತು ವರ್ಷ ಕಾದಾಡಿ, ಸೋತು, ಟಾರ್ಟರಸ್ ಎಂಬ ಪಾತಾಳದಲ್ಲಿ ಸೆರೆಯಾದವರು. ಗಾತ್ರ ದೊಡ್ಡದು, ಫಲಿತಾಂಶ ಹೀಗೆ. ಟ್ರಾಯ್‌ನವರು ಹತ್ತು ವರ್ಷ ಕೋಟೆ ಕಾಯ್ದು, ಕೊನೆಗೆ ಶತ್ರು ಸೈನಿಕರು ಅಡಗಿದ್ದ ಮರದ ಕುದುರೆಯನ್ನು ತಾವೇ ಒಳಗೆಳೆದುಕೊಂಡರು. ಈಗಂತೂ ‘ಟ್ರೋಜನ್’ ಎಂದರೆ ಕಂಪ್ಯೂಟರಿಗೆ ನುಸುಳುವ ಕುತಂತ್ರದ ನೆನಪೇ ಮೊದಲು ಬರುತ್ತದೆ. ಎರಡನ್ನೂ ಬಿಡಿ.

ಸ್ಪಾರ್ಟನ್ನರ ವಿಷಯ ಬೇರೆ. ಅವರು ಪುರಾಣಕ್ಕಿಂತ ಚರಿತ್ರೆಗೆ ಸೇರಿದವರು. ಕ್ರಿಸ್ತಪೂರ್ವ 480ರಲ್ಲಿ ಲಿಯೋನಿಡಾಸ್ ರಾಜ ಮುನ್ನೂರು ಸ್ಪಾರ್ಟನ್ನರು ಮತ್ತು ಇತರ ಗ್ರೀಕರೊಂದಿಗೆ ಥರ್ಮಾಪಿಲೆಯ ಇಕ್ಕಟ್ಟಾದ ಕಣಿವೆಯಲ್ಲಿ ಪರ್ಷಿಯದ ಸೇನೆಯನ್ನು ಮೂರು ದಿನ ತಡೆದ. ಬೆಟ್ಟ ಬಲ್ಲವನೊಬ್ಬ ಹಿಂಬದಿಯ ಕಾಲುದಾರಿ ತೋರಿಸಿಕೊಟ್ಟಿದ್ದರಿಂದ ಅವರು ಸತ್ತರು. ಘಟ್ಟದ ಮೇಲೆ ಬದುಕುವ ನಮಗೆ ಇಕ್ಕಟ್ಟು ದಾರಿಯ ಬೆಲೆ ಗೊತ್ತು. ರಕ್ಷಣೆಯ ಆಟವೇ ಪ್ರಧಾನವಾದ ತಂಡಕ್ಕೆ ಸ್ಪಾರ್ಟನ್ಸ್ ಹೊಂದುತ್ತದೆ. ಆದರೂ ನನಗೆ ಅದರಲ್ಲಿ ಪೂರ್ತಿ ಮನಸ್ಸಿಲ್ಲ, ಏಕೆಂದರೆ ಆ ಸೈನಿಕರು ಹೊಲದ ಕೆಲಸವನ್ನೆಲ್ಲ ಹೆಲಟ್‌ಗಳೆಂಬ ಜೀತದವರ ಬೆನ್ನ ಮೇಲೆ ಹೊರಿಸಿ ಯುದ್ಧ ಕಲಿತವರು. ಗದ್ದೆ, ತೋಟದ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವ ಹುಡುಗರಿಗೆ ಆ ಹೆಸರು ಯಾಕೆ?

ಗ್ಲಾಡಿಯೇಟರ್ಸ್ ಗ್ರೀಕ್ ಹೆಸರಲ್ಲ, ರೋಮಿನದು. 2009ರ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ನಮ್ಮ ಭಾಗದ ತಂಡಕ್ಕೇ ಮಲ್ನಾಡ್ ಗ್ಲಾಡಿಯೇಟರ್ಸ್ ಎಂಬ ಹೆಸರಿತ್ತು. ಹಾಗಾಗಿ ಹೊಸ ತಂಡ ಅದನ್ನು ಇಟ್ಟುಕೊಂಡರೆ ನಕಲು ಮಾಡಿದಂತೆ ಕಾಣುತ್ತದೆ.

ಹನ್ನೊಂದು ಜನರ ಆಟಕ್ಕೆ ಒಂದು ಹಡಗು

ಗ್ರೀಕ್ ಹೆಸರೇ ಬೇಕು ಎನ್ನುವ ಕ್ರಿಕೆಟ್ ತಂಡಕ್ಕೆ ನಾನು ಮನಸಾರೆ ಸೂಚಿಸುವುದು ಆರ್ಗೊನಾಟ್ಸ್. ಪುರಾಣದ ಹೆಸರುಗಳಲ್ಲಿ ಹೆಚ್ಚಿನವು ಒಬ್ಬೊಬ್ಬ ವೀರನವು. ಇದು ಇಡೀ ತಂಡದ ಹೆಸರು. ಚಿನ್ನದ ತುಪ್ಪಳವಿದ್ದ ಟಗರಿನ ಚರ್ಮವನ್ನು ತರಲು ಜೇಸನ್ ಎಂಬ ಯುವಕ ಆರ್ಗೊ ಎಂಬ ಹಡಗು ಕಟ್ಟಿಸಿ, ಸುಮಾರು ಐವತ್ತು ಜನರನ್ನು ಸೇರಿಸಿಕೊಂಡು ಕಪ್ಪು ಸಮುದ್ರದ ಆಚೆ ತುದಿಯ ಕೊಲ್ಕಿಸ್‌ಗೆ ಹೊರಟ. ಒಬ್ಬೊಬ್ಬರದು ಒಂದೊಂದು ಕೈಗುಣ. ಚುಕ್ಕಾಣಿ ಹಿಡಿಯಲು ಟಿಫಿಸ್, ದೂರದ್ದನ್ನು ಕಾಣಲು ಹದ್ದಿನ ಕಣ್ಣಿನ ಲಿನ್ಸಿಯಸ್, ಮುಷ್ಟಿಯುದ್ಧಕ್ಕೆ ಪೊಲಕ್ಸ್, ಹಾಡಲು ಆರ್ಫಿಯಸ್. ಹಡಗಿನಲ್ಲಿ ಹಾಡುಗಾರನಿಗೇನು ಕೆಲಸ ಎನ್ನಬೇಡಿ. ಸೈರನ್ ಎಂಬ ಮಾಯಾವಿನಿಯರು ಹಾಡಿ ನಾವಿಕರನ್ನು ಬಂಡೆಗೆ ಸೆಳೆಯುತ್ತಿದ್ದಾಗ, ಅವರ ದನಿಯನ್ನು ತನ್ನ ತಂತಿವಾದ್ಯದಿಂದ ಮುಳುಗಿಸಿ ಹಡಗನ್ನು ಉಳಿಸಿದವನು ಅವನೇ.

ಇನ್ನೂ ಸೊಗಸಾದ ಸಂಗತಿ: ಎಲ್ಲರಿಗಿಂತ ದೊಡ್ಡ ಆಟಗಾರನಾದ ಹರ್ಕ್ಯುಲಿಸ್ ನಡುದಾರಿಯಲ್ಲೇ ತಂಡ ಬಿಟ್ಟ. ಕಾಣೆಯಾದ ಗೆಳೆಯ ಹೈಲಸ್‌ನನ್ನು ಹುಡುಕುತ್ತಾ ದಡದಲ್ಲೇ ಉಳಿದುಬಿಟ್ಟ. ಹಡಗು ಅವನಿಲ್ಲದೆ ಹೋಗಿ, ಕೊಲ್ಕಿಸ್‌ನ ರಾಜಕುಮಾರಿ ಮೀಡಿಯಾಳ ನೆರವಿನಿಂದ ಕೆಲಸ ಮುಗಿಸಿ ಮರಳಿತು. ಬೆಂಗಳೂರಿಗೆ ಕೆಲಸಕ್ಕೆ ಹೋದ ಆರಂಭಿಕ ಬ್ಯಾಟ್ಸ್‌ಮನ್ ಪಂದ್ಯದ ದಿನ ಬರಲಾಗದೆ, ಉಳಿದವರೇ ಆಡಿ ಗೆಲ್ಲಬೇಕಾದ ಊರಿನ ತಂಡಗಳಿಗೆ ಇದು ಎಷ್ಟು ಹತ್ತಿರದ ಕಥೆ! ಕೆನಡಾದ ಟೊರಾಂಟೊದಲ್ಲಿ ಈ ಹೆಸರಿನ ಫುಟ್‌ಬಾಲ್ ತಂಡ 1873ರಿಂದ ಇದೆ. ಜೇಸನ್‌ನ ಮುಂದಿನ ಬಾಳು ಹಾಳಾಯಿತು, ಹಳೆಯ ಆರ್ಗೊ ಹಡಗಿನ ಮರದ ತುಂಡು ಬಿದ್ದೇ ಅವನು ಸತ್ತ ಎನ್ನುತ್ತಾರೆ. ಅದು ನಾಯಕನ ಸ್ವಂತ ದುರಂತ. ತಂಡ ಹೊರಟ ಕೆಲಸ ಮಾತ್ರ ಆಗಿತ್ತು.

ಒಬ್ಬನೇ ವೀರನ ಹೆಸರಿಟ್ಟು ಬೆಳೆದ ದೊಡ್ಡ ಕ್ಲಬ್‌ಗಳೂ ಇವೆ. ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್ ಫುಟ್‌ಬಾಲ್ ಕ್ಲಬ್ 1900ರಲ್ಲಿ ಹುಟ್ಟಿತು. ಟ್ರಾಯ್ ಯುದ್ಧದ ಅಯಾಕ್ಸ್ ದೊಡ್ಡ ಗುರಾಣಿ ಹಿಡಿದು ನಿಂತರೆ ಅಲುಗದವನು; ಆದರೆ ಅಕಿಲೀಸ್‌ನ ಆಯುಧ, ಕವಚಗಳು ತನಗೆ ಸಿಗಲಿಲ್ಲವೆಂಬ ಅಸಮಾಧಾನಕ್ಕೆ ಬುದ್ಧಿ ಕಳೆದುಕೊಂಡು ಕುರಿಮಂದೆಯನ್ನು ಕಡಿದ, ಆಮೇಲೆ ನಾಚಿ ತನ್ನ ಕತ್ತಿಗೆ ತಾನೇ ಬಿದ್ದ. ಪಂದ್ಯಪುರುಷ ಪ್ರಶಸ್ತಿಗಾಗಿ ಮುನಿಸಿಕೊಳ್ಳುವವರು ತಂಡದಲ್ಲಿದ್ದರೆ ಈ ಕಥೆಯನ್ನು ಒಮ್ಮೆ ಹೇಳಿ.

ನಮ್ಮಲ್ಲಿ ಕ್ರಿಕೆಟ್‌ಗೆ ಏಕಲವ್ಯ ಎಂಬ ಹೆಸರನ್ನು ನಾನು ಎತ್ತಿಹಿಡಿಯುತ್ತೇನೆ. ಹೆಬ್ಬೆರಳು ಕಳೆದುಕೊಂಡವನು ಎಂದು ಹಿಂಜರಿಯಬೇಡಿ. ಅವನು ಬಿಲ್ಲುವಿದ್ಯೆಯಲ್ಲಿ ಸೋಲಲಿಲ್ಲ. ಅವನ ವಿದ್ಯೆ ಗೆಲ್ಲುವಂತಹುದು ಎಂಬ ಕಾರಣಕ್ಕೇ ಬೆರಳು ಕೇಳಲಾಯಿತು. ತರಬೇತುದಾರರಿಲ್ಲದೆ, ಕೊಯ್ಲಾದ ಗದ್ದೆಯ ಪಿಚ್‌ನಲ್ಲಿ ತಾವೇ ಆಡಿ ಕಲಿತ ಹುಡುಗರಿಗೆ ಈ ಹೆಸರಿನ ಮೇಲೆ ಹಕ್ಕಿದೆ. ರಾಜ್ಯ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಯ ಹೆಸರೂ ಏಕಲವ್ಯ.

ಬಸ್ ಹತ್ತಿ ಹೋಗಿ ನೋಡಬಹುದಾದ ಕಥೆಗಳು

ಗ್ರೀಕ್ ಹೆಸರುಗಳಿಗೆ ಇಲ್ಲದ ಒಂದು ಅನುಕೂಲ ನಮ್ಮ ಹೆಸರುಗಳಿಗಿದೆ. ಕಥೆ ನಡೆದ ಜಾಗಕ್ಕೆ ಇಡೀ ತಂಡವನ್ನು ಒಂದು ಭಾನುವಾರ ಕರೆದುಕೊಂಡು ಹೋಗಬಹುದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಅಲ್ಲಿನ ಗಂಡಭೇರುಂಡ ನಾವು ನೋಡಿ ಅಭ್ಯಾಸವಾದ ಎರಡು ತಲೆಯ ಹಕ್ಕಿಯಲ್ಲ. ಮೈ ಮನುಷ್ಯನದು, ಕೊರಳ ಮೇಲೆ ಎರಡೂ ಕಡೆ ನೋಡುವ ಎರಡು ಹಕ್ಕಿಮೊಗಗಳು. ಎರಡು ತಲೆಯ ಹಕ್ಕಿಯ ರೂಪವೇ ಬೇಕೆಂದರೆ ಕೆಳದಿಯ ದೇವಾಲಯದ ಛಾವಣಿಯಲ್ಲಿ ಕೆತ್ತಿದ್ದಾರೆ. ಎಡಕ್ಕೂ ಬಲಕ್ಕೂ ಒಟ್ಟಿಗೆ ಕಣ್ಣಿಡುವ ಈ ಜೀವಿ ವಾಲಿಬಾಲ್, ಫುಟ್‌ಬಾಲ್, ಕ್ರಿಕೆಟ್ ಯಾವುದಕ್ಕೂ ಸಲ್ಲುತ್ತದೆ. ಆನೆಯನ್ನೂ ಎತ್ತಬಲ್ಲದು ಎಂಬ ಅದರ ಕೀರ್ತಿಗೆ ಸೋಲಿನ ಕಲೆ ಇಲ್ಲ. ಹೆಸರು ಉದ್ದವೆನಿಸಿದರೆ ‘ಭೇರುಂಡ’ ಎಂದರೂ ಸಾಕು. ಟೈಟನ್ಸ್ ಮತ್ತು ಭೇರುಂಡ ಎರಡೇ ಮುಂದಿದ್ದರೆ ಯೋಚಿಸಲು ಏನೂ ಇಲ್ಲ, ಭೇರುಂಡವೇ.

ಬಳ್ಳಿಗಾವಿಯಿಂದ ತಾಳಗುಂದ ಕೂಗಳತೆಯಲ್ಲಿದೆ. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜ ಎಂಬ ಕವಿ ಬರೆದ ಸಂಸ್ಕೃತ ಶಾಸನ ಕದಂಬ ಮಯೂರಶರ್ಮನ ಕಥೆ ಹೇಳುತ್ತದೆ. ಓದಲೆಂದು ಕಂಚಿಗೆ ಹೋಗಿದ್ದ ಯುವಕ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನ ಅನುಭವಿಸಿದ. ದರ್ಭೆ, ಸಮಿತ್ತು, ಸ್ರುಕ್ಕು ಹಿಡಿದು ಪಳಗಿದ್ದ ಕೈಯಲ್ಲಿ ಹೊಳೆಯುವ ಕತ್ತಿ ಹಿಡಿದ ಎನ್ನುತ್ತದೆ ಶಾಸನ. ಕಾಡು ಸೇರಿ ಪಲ್ಲವರನ್ನು ಕಾಡಿ, ಕೊನೆಗೆ ಅವರಿಂದಲೇ ಮನ್ನಣೆ ಪಡೆದು ಅರಸನಾದ. ದೊಡ್ಡ ಊರಿನ ತಂಡದಿಂದ ಒಮ್ಮೆ ಹೀನಾಯವಾಗಿ ಸೋತು ಬಂದು ಹೊಸದಾಗಿ ತಂಡ ಕಟ್ಟುವವರಿಗೆ ‘ಮಯೂರ’ಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ.

ಮೂಡಿಗೆರೆ ತಾಲ್ಲೂಕಿನ ಅಂಗಡಿಯ ಸಳನ ಕಥೆ ಶಾಲೆಯಿಂದಲೇ ಎಲ್ಲರಿಗೂ ಗೊತ್ತು. ಹುಲಿ ಎರಗಿತು, ಸುದತ್ತ ಮುನಿ ‘ಹೊಯ್ ಸಳ’ ಎಂದರು, ಹುಡುಗ ಹೊಡೆದ. ಇತಿಹಾಸಕಾರರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಮೈದಾನದ ಮಟ್ಟಿಗೆ ಅದು ಇನ್ನೂ ಒಳ್ಳೆಯದು, ಏಕೆಂದರೆ ಕೂಗೇ ಕಥೆಯೊಳಗಿದೆ. ಬ್ಯಾಟ್ಸ್‌ಮನ್ ಕ್ರೀಸ್‌ಗೆ ಬಂದಾಗ ಗಡಿಗೆರೆಯಾಚೆಯಿಂದ ನೂರು ಜನ ‘ಹೊಯ್ ಸಳ’ ಎಂದರೆ ಆರ್ಗೊನಾಟ್ಸ್‌ನ ಬೆಂಬಲಿಗರು ಅದಕ್ಕೆ ಸರಿಗಟ್ಟುವಂತೆ ಏನು ಕೂಗಿಯಾರು?

ಸಾಗರ, ಹೊಸನಗರದ ಕಡೆಯವರಿಗೆ ಕೆಳದಿ ಅರಸರ ಬಿರುದೊಂದು ಸಿದ್ಧವಾಗಿಯೇ ಇದೆ: ಕೋಟೆಕೋಲಾಹಲ. ಮೈಕ್ ಹಿಡಿದ ವೀಕ್ಷಕ ವಿವರಣೆಕಾರರು ಇದನ್ನು ಎಳೆದು ಎಳೆದು ಹೇಳುವುದನ್ನು ಊಹಿಸಿಕೊಳ್ಳಿ. ಅದೇ ಅರಸರ ಇನ್ನೊಂದು ಬಿರುದು ‘ಎಡವ ಮುರಾರಿ’. ಒಡೆಯನಿಗೆ ನಿಧಿ ದಕ್ಕಲೆಂದು ತಮ್ಮನ್ನೇ ಬಲಿ ಕೊಟ್ಟುಕೊಂಡ ಎಡವ, ಮುರಾರಿ ಎಂಬ ಆಳುಗಳ ನೆನಪಿಗೆ ಬಂದದ್ದೆಂದು ಐತಿಹ್ಯ. ಮನ ಕಲಕುವ ಕಥೆ. ಆಟದ ಹೆಸರಾಗಿ ಬಳಸಲು ನನಗೆ ಮನಸ್ಸಾಗುವುದಿಲ್ಲ.

ಹೆಣ್ಣುಮಕ್ಕಳ ತಂಡ, ಮಳೆಗಾಲದ ತಂಡ

ಹೆಣ್ಣುಮಕ್ಕಳ ತಂಡ ಎಂದೊಡನೆ ಅಮೆಜಾನ್ಸ್ ಎನ್ನುವವರಿದ್ದಾರೆ. ಗ್ರೀಕ್ ಕಥೆಗಳಲ್ಲಿ ಆ ವೀರವನಿತೆಯರು ಬರುವುದೇ ಸೋಲಲು ಎಂಬಂತಿದೆ: ಹಿಪೊಲಿಟಾಳ ನಡುಪಟ್ಟಿಯನ್ನು ಹರ್ಕ್ಯುಲಿಸ್ ಕಿತ್ತೊಯ್ದ, ಪೆಂಥೆಸಿಲಿಯಾಳನ್ನು ಅಕಿಲೀಸ್ ಕೊಂದ. ಮೇಲಾಗಿ ಇಂದು ಆ ಹೆಸರು ಕೇಳಿದರೆ ಮನೆಗೆ ಬರುವ ಪಾರ್ಸೆಲ್ ನೆನಪಾಗುತ್ತದೆ. ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಅಟ್ಟಿಸಿಕೊಂಡು ಬಂದ ಔರಂಗಜೇಬನ ಸೇನೆಯನ್ನು ಮಲೆನಾಡಿನ ಕಾಡು, ಮಳೆಯ ನಡುವೆ ಎದುರಿಸಿ ನಿಂತವಳು. ಹೆಸರಿಡುವಾಗ ‘ಕೆಳದಿ’ ಎಂಬುದನ್ನು ಬಿಡಬೇಡಿ, ಇಲ್ಲವಾದರೆ ಜನ ಕಿತ್ತೂರಿನವಳೆಂದು ತಿಳಿಯುತ್ತಾರೆ.

ಖೊ ಖೊ ತಂಡಕ್ಕೆ ಎರಡು ಚಿನ್ನದ ಕಥೆಗಳು ಎದುರುಬದುರು ನಿಲ್ಲುತ್ತವೆ. ಓಟದಲ್ಲಿ ಯಾರೂ ಮೀರಿಸಲಾಗದ ಅಟಲಾಂಟಾ, ಎದುರಾಳಿ ಉರುಳಿಸಿದ ಚಿನ್ನದ ಸೇಬುಗಳನ್ನು ಹೆಕ್ಕಲು ಬಾಗಿದ್ದಕ್ಕೆ ಸೋತಳು. ಇಟಲಿಯ ಬೆರ್ಗಾಮೊದಲ್ಲಿ 1907ರಲ್ಲಿ ಆರಂಭವಾದ ಫುಟ್‌ಬಾಲ್ ಕ್ಲಬ್ ಅವಳ ಹೆಸರನ್ನೇ ಹೊತ್ತಿದೆ. ನಮ್ಮಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೃಗವಧೆ, ರಾಮ ಮಾಯಾಮೃಗವನ್ನು ಕೊಂದ ಜಾಗವೆಂದು ನಂಬಿಕೆ. ಅಟಲಾಂಟಾ ಚಿನ್ನಕ್ಕೆ ಮರುಳಾಗಿ ಓಟ ಕಳೆದುಕೊಂಡವಳು. ಹೊನ್ನಜಿಂಕೆ ಬೆನ್ನಟ್ಟುವವನನ್ನೇ ಮರುಳು ಮಾಡಿ ದೂರ ಒಯ್ದದ್ದು. ತಪ್ಪಿಸಿಕೊಂಡು ಓಡುವುದೇ ಆಟವಾದಲ್ಲಿ ಹೊನ್ನಜಿಂಕೆಗೆ ನನ್ನ ಮತ. ಮಾರೀಚ ಎಂದು ಮಾತ್ರ ಇಡಬೇಡಿ, ಆ ಹೆಸರಿನ ಹಿಂದೆ ಮೋಸದ ನೆರಳಿದೆ.

ವಾಲಿಬಾಲ್‌ಗೆ ಅಟ್ಲಾಸ್ ಸೂಚಿಸುವವರು ಅವನು ಆಕಾಶ ಹೊತ್ತದ್ದು ಶಿಕ್ಷೆಯಾಗಿ ಎಂಬುದನ್ನು ನೆನಪಿಡಲಿ. ಅದೇ ಕೆಲಸವನ್ನು ಕೃಷ್ಣ ಏಳು ದಿನ ಜನರಿಗಾಗಿ ಮಾಡಿದ, ಗೊಲ್ಲರೂ ತಮ್ಮ ಕೋಲುಗಳನ್ನು ಬೆಟ್ಟಕ್ಕೆ ಆನಿಸಿದರು. ಎಲ್ಲರ ಕೈಯೂ ಮೇಲಿರಬೇಕಾದ, ಮೇಲಿದ್ದದ್ದು ನೆಲಕ್ಕೆ ಬೀಳಬಾರದ ಆಟಕ್ಕೆ ‘ಗೋವರ್ಧನ’ ಎಂಬುದು ಒಪ್ಪುವ ಹೆಸರು. ಅದು ಬಿಡದ ಮಳೆಯ ಕಥೆಯೂ ಹೌದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನ ತಂಡಕ್ಕೆ ಇದಕ್ಕಿಂತ ಬೇಕೇ? ಹಗ್ಗಜಗ್ಗಾಟಕ್ಕೆ ವಾಸುಕಿ ಎನ್ನುತ್ತಾರೆ, ಆದರೆ ಸಮುದ್ರಮಥನದಲ್ಲಿ ವಾಸುಕಿ ಹಗ್ಗ, ಎಳೆಯುವವನಲ್ಲ. ಅಡಿಯಲ್ಲಿ ಅಲುಗದೆ ನಿಂತ ‘ಕೂರ್ಮ’ ಸರಿ. ಕ್ವಿಜ್ ತಂಡಗಳು ಸ್ಫಿಂಕ್ಸ್, ಯಕ್ಷ ಎಂಬ ಹೆಸರುಗಳನ್ನು ಬಿಡಲಿ. ಇಬ್ಬರೂ ಪ್ರಶ್ನೆ ಕೇಳಿದವರು, ಉತ್ತರಿಸಿದವರಲ್ಲ.

ಅಂಗಿ ಅಚ್ಚಿಗೆ ಕೊಡುವ ಮುನ್ನ

ಊರದೇವತೆಯ ಹೆಸರನ್ನು ತಂಡಕ್ಕೆ ಇಡುವ ವಾಡಿಕೆ ಇದೆ. ನನ್ನ ಸಲಹೆ, ಆ ಹೆಸರು ಬ್ಯಾನರ್‌ನ ನೆತ್ತಿಯ ಮೇಲೆ ‘ಪ್ರಸನ್ನ’ ಎಂದಿರಲಿ. ‘ಚೌಡೇಶ್ವರಿಗೆ ಇಪ್ಪತ್ತು ಅಂಕಗಳ ಸೋಲು’ ಎಂದು ಮೈಕ್‌ನಲ್ಲಿ ಕೇಳಿಸುವುದು ಯಾರಿಗೂ ಹಿತವಲ್ಲ. ಕುಟುಂಬಗಳು ನಡೆದುಕೊಳ್ಳುವ ಭೂತ, ಚೌಡಿಗಳ ಹೆಸರನ್ನು ಆ ಮನೆಯವರನ್ನು ಕೇಳದೆ ಎತ್ತಿಕೊಳ್ಳಲೇಬೇಡಿ. ಒಂದೇ ಸಮುದಾಯದ ಅಭಿಮಾನಕ್ಕೆ ಅಂಟಿಕೊಂಡ ಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ಕೇರಿ ಕೇರಿಯ ಹುಡುಗರಿರುವ ತಂಡದಲ್ಲಿ ಎಲ್ಲರೂ ಗಂಟಲು ಬಿಟ್ಟು ಕೂಗುವ ಹೆಸರೇ ಬೇಕು.

ಗಂಡಭೇರುಂಡ ಇಟ್ಟುಕೊಂಡರೆ ಲಾಂಛನವನ್ನು ರಾಜ್ಯ ಸರ್ಕಾರದ ಮುದ್ರೆಯಿಂದ ನಕಲು ಮಾಡಬೇಡಿ. ಸರ್ಕಾರಿ ಲಾಂಛನಗಳ ದುರ್ಬಳಕೆಯನ್ನು 1950ರ ಕೇಂದ್ರ ಕಾಯ್ದೆ ನಿರ್ಬಂಧಿಸುತ್ತದೆ. ಬಳ್ಳಿಗಾವಿಯ ಶಿಲ್ಪವನ್ನು ನೋಡಿ ಹೊಸದಾಗಿ ಬರೆಸಿ, ಅದೇ ಹೆಚ್ಚು ಚೆಂದ. ಗ್ರೀಕ್ ಹೆಸರಾದರೆ ಕನ್ನಡದಲ್ಲಿ ಒಂದೇ ಕಾಗುಣಿತ ಗೊತ್ತುಮಾಡಿ, ಪ್ರವೇಶ ಪತ್ರದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ‘ಆರ್ಗೊನಾಟ್ಸ್’ ಎಂಬುದು ಒಂದೊಂದು ಮೈಕ್‌ನಲ್ಲಿ ಒಂದೊಂದು ರೂಪ ತಾಳುವುದುಂಟು. ಅಂಗಿ ಮುದ್ರಿಸುವ ಅಂಗಡಿಗೆ ಎಲ್ಲವನ್ನೂ ಒಟ್ಟಿಗೆ ಕೊಡುವ ಮೊದಲು ಒಂದೇ ಒಂದು ಅಂಗಿ ಅಚ್ಚು ಹಾಕಿಸಿ ನೋಡಿ. ಒತ್ತಕ್ಷರಗಳು ಅಲ್ಲೇ ಒಡೆಯುವುದು. ‘ಭೇರುಂಡ’ದಲ್ಲಿ ಮಹಾಪ್ರಾಣದ ಸೀಳು ಮಾಯವಾಗುವುದೂ ಅಲ್ಲೇ. ಊರಿನ ಹೆಸರು ತಂಡದ ಹೆಸರಿಗಿಂತ ಮೊದಲು ಬರಲಿ, ಸ್ವಲ್ಪ ದಪ್ಪಕ್ಷರದಲ್ಲಿ.